ಡಾಂಬರು ರಸ್ತೆಯ ಎಸ್‌ಯುವಿಗೆ ಎಂಥ ಸಸ್ಪೆನ್ಶನ್ ಬೇಕು?

ಉತ್ತರ ಕನ್ನಡದಲ್ಲಿ ಓಡಾಡುವ ಬಹುಪಾಲು ಎಸ್‌ಯುವಿಗಳ ಚಕ್ರಕ್ಕೆ ಮಣ್ಣು ತಾಗುವುದು ತೋಟದ ಮನೆಗೆ ತಿರುಗುವ ಕೊನೆಯ ಅರ್ಧ ಕಿಲೋಮೀಟರಿನಲ್ಲಿ ಮಾತ್ರ. ಉಳಿದದ್ದೆಲ್ಲ ಡಾಂಬರು ಇಲ್ಲವೇ ಕಾಂಕ್ರೀಟು: ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ, ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಅಂಕೋಲಾ, ಕಾರವಾರ, ಹುಬ್ಬಳ್ಳಿ ಕಡೆಗಾದರೆ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ. ಹಾಗಿದ್ದರೂ ಸಸ್ಪೆನ್ಶನ್, ಅಂದರೆ ಚಕ್ರಕ್ಕೂ ಗಾಡಿಯ ಮೈಗೂ ನಡುವಿನ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್‌ಗಳ ಏರ್ಪಾಡು, ಬದಲಾಯಿಸಬೇಕೆಂದು ಹೊರಟವರಿಗೆ ಅಂಗಡಿಯಲ್ಲಿ ಮೊದಲು ತೋರಿಸುವುದು ಬಂಡೆ ಹತ್ತುವ ಗಾಡಿಗೆಂದು ತಯಾರಾದ ಸರಂಜಾಮು. ಎರಡು ಅಂಗುಲ ಎತ್ತರಿಸುವ ಕಿಟ್, ದಪ್ಪ ಸ್ಪ್ರಿಂಗ್, ಹಳದಿಯೋ ಕೆಂಪೋ ಬಳಿದ ಶಾಕ್ ಅಬ್ಸಾರ್ಬರ್. ಹಾಕಿಸಿಕೊಂಡು ಬಂದ ಮೇಲೆ ಗಾಡಿ ನೋಡಲು ಗಂಭೀರವಾಗುತ್ತದೆ, ನಿಜ. ಹಿಂದಿನ ಸೀಟಿನಲ್ಲಿ ಕುಳಿತ ಅಮ್ಮನ ಸೊಂಟ ಮಾತ್ರ ಮೊದಲಿಗಿಂತ ಹೆಚ್ಚು ನೋಯುತ್ತದೆ.

ಇದಕ್ಕೆ ಅಂಗಡಿಯವರನ್ನು ಪೂರ್ತಿ ದೂರುವಂತಿಲ್ಲ. ಹೊರಗೆ ಮಾರಾಟಕ್ಕಿರುವ ಸಾಮಾನಿನಲ್ಲಿ ದೊಡ್ಡ ಪಾಲು ಭಾರ ಹೊರುವುದಕ್ಕೆ ಅಥವಾ ಎತ್ತರಕ್ಕೆ ಮಾಡಿದ್ದು. ನಮಗೆ ಬೇಕಾದದ್ದು ಮೂರನೆಯದು: ನೆಟ್ಟಗಿನ ರಸ್ತೆಯಲ್ಲಿ ಮೈ ಕುಲುಕದ ಸವಾರಿ, ಘಟ್ಟದ ತಿರುವಿನಲ್ಲಿ ವಾಲಾಡದ ಗಾಡಿ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಡಾಂಬರು ರಸ್ತೆಯ ಸುಖಕ್ಕೆ ಹೆಚ್ಚಿನವರು ಸ್ಪ್ರಿಂಗ್ ಮುಟ್ಟಬೇಕಾಗಿಯೇ ಇಲ್ಲ. ಮೊದಲು ಟೈರು, ಆಮೇಲೆ ಬುಷ್ (ಕೀಲುಗಳಲ್ಲಿ ಕೂರುವ ರಬ್ಬರ್), ಅದಾದ ಮೇಲೆ ಶಾಕ್ ಅಬ್ಸಾರ್ಬರ್. ಈ ಅನುಕ್ರಮದಲ್ಲಿ ಹಣ ಹಾಕಿದರೆ ಸಾಕು. ಹೀಗೇಕೆ ಎಂದು ಒಪ್ಪಿಗೆಯಾಗಬೇಕಾದರೆ ಗಾಡಿಯ ಕೆಳಗೆ ನಡೆಯುವುದನ್ನು ಸ್ವಲ್ಪ ವಿವರವಾಗಿ ನೋಡಬೇಕಾಗುತ್ತದೆ.

ಭಾರ ಹೊರುವವರು ಯಾರು, ಕುಣಿತ ನಿಲ್ಲಿಸುವವರು ಯಾರು

ಗಾಡಿಯ ಭಾರ ಹೊತ್ತಿರುವುದು ಸ್ಪ್ರಿಂಗ್. ಚಕ್ರ ಉಬ್ಬು ಹತ್ತಿದಾಗ ಸ್ಪ್ರಿಂಗ್ ಕುಗ್ಗಿ ಆ ಶಕ್ತಿಯನ್ನು ತನ್ನೊಳಗೆ ಇಟ್ಟುಕೊಳ್ಳುತ್ತದೆ. ಇಟ್ಟುಕೊಂಡದ್ದನ್ನು ಹಿಂದಿರುಗಿಸದೆ ಬಿಡುವುದಿಲ್ಲ. ಅದನ್ನು ತಡೆಯುವವರಿಲ್ಲದಿದ್ದರೆ ಒಂದು ಉಬ್ಬು ದಾಟಿದ ಗಾಡಿ ಮುಂದಿನ ಫರ್ಲಾಂಗಿನವರೆಗೆ ಮೇಲೆ ಕೆಳಗೆ ಕುಣಿಯುತ್ತಲೇ ಹೋಗುತ್ತದೆ. ಆ ಕುಣಿತವನ್ನು ನಿಲ್ಲಿಸುವುದು ಶಾಕ್ ಅಬ್ಸಾರ್ಬರ್‌ನ ಕೆಲಸ. ಎಣ್ಣೆ ತುಂಬಿದ ಕೊಳವೆಯೊಳಗೆ ಪಿಸ್ಟನ್ ಚಲಿಸುತ್ತದೆ, ಎಣ್ಣೆ ಸಣ್ಣ ಕಿಂಡಿಗಳ ಮೂಲಕ ನುಸುಳಬೇಕಾಗುತ್ತದೆ, ಚಲನೆಯ ಶಕ್ತಿ ಶಾಖವಾಗಿ ಹೊರಗೆ ಹೋಗುತ್ತದೆ. ಹೊಡೆತವನ್ನೆಲ್ಲ ಶಾಕ್ ಅಬ್ಸಾರ್ಬರೇ ನುಂಗುತ್ತದೆ ಎಂದು ತಿಳಿದವರು ಬಹಳ. ಹೊಡೆತ ನುಂಗುವುದು ಸ್ಪ್ರಿಂಗ್ ಮತ್ತು ಟೈರು. ನುಂಗಿದ್ದನ್ನು ಅರಗಿಸುವುದು ಶಾಕ್.

ಸ್ಪ್ರಿಂಗ್ ಮೇಲೆ ಕುಳಿತ ಪ್ರತಿಯೊಂದು ಗಾಡಿಗೂ ತನ್ನದೇ ಆದ ಒಂದು ಲಯವಿದೆ. ಮೃದುವಾದ ಕಾರೊಂದನ್ನು ಅದುಮಿ ಬಿಟ್ಟರೆ ಅದು ಸೆಕೆಂಡಿಗೆ ಒಂದರಿಂದ ಒಂದೂವರೆ ಬಾರಿಯಷ್ಟು ಲಯದಲ್ಲಿ, ಅಂದರೆ 1ರಿಂದ 1.5 ಹರ್ಟ್ಸ್‌ನಲ್ಲಿ, ಏರಿಳಿಯುತ್ತದೆ. ಮನುಷ್ಯ ನಡೆಯುವಾಗ ಮೈ ಏರಿಳಿಯುವ ಲಯ ಇದಕ್ಕೆ ತೀರ ದೂರವಲ್ಲ, ಹಾಗಾಗಿ ದೇಹ ಅದನ್ನು ಸಹಿಸಿಕೊಳ್ಳುತ್ತದೆ. ಸಹಿಸದಿರುವುದು ಅದಕ್ಕಿಂತ ಬಿರುಸಾದ ಕಂಪನವನ್ನು. ಕುಳಿತ ದೇಹಕ್ಕೆ ಮೇಲೆ ಕೆಳಗಿನ ಕುಲುಕಾಟ ಅತ್ಯಂತ ಬಾಧಿಸುವುದು 4ರಿಂದ 8 ಹರ್ಟ್ಸ್ ನಡುವೆ. ಹೊಟ್ಟೆ, ಬೆನ್ನುಮೂಳೆ ಎಲ್ಲ ಆ ಲಯಕ್ಕೆ ಸೇರಿಕೊಂಡು ತಾವೂ ಅಲುಗುತ್ತವೆ. ಸ್ಪ್ರಿಂಗ್ ಗಟ್ಟಿಯಾದಷ್ಟೂ ಗಾಡಿಯ ಸಹಜ ಲಯ ಮೇಲಕ್ಕೇರುತ್ತದೆ, ಈ ಕೆಟ್ಟ ವಲಯದ ಕಂಪನ ಸೀಟಿನವರೆಗೆ ತಲುಪುವ ಪ್ರಮಾಣವೂ ಏರುತ್ತದೆ.

ಇದಕ್ಕೊಂದು ಸರಳ ಲೆಕ್ಕವಿದೆ. ಗಾಡಿಯ ಭಾರಕ್ಕೆ ಸ್ಪ್ರಿಂಗ್ ನಿಂತಲ್ಲೇ ಎಷ್ಟು ಕುಗ್ಗಿದೆ ಎಂಬುದರ ಮೇಲೆ ಲಯ ನಿಂತಿದೆ. ಚಕ್ರದ ಬಳಿ ಅಳೆದಾಗ ಸುಮಾರು 25 ಸೆಂಟಿಮೀಟರ್ ಕುಗ್ಗಿದ್ದರೆ 1 ಹರ್ಟ್ಸ್, 11 ಸೆಂಟಿಮೀಟರ್ ಕುಗ್ಗಿದ್ದರೆ 1.5, ಬರೇ 6 ಸೆಂಟಿಮೀಟರ್ ಕುಗ್ಗಿದ್ದರೆ 2. ಸ್ಪ್ರಿಂಗನ್ನು ಶೇ. 30ರಷ್ಟು ಗಟ್ಟಿ ಮಾಡಿದರೆ ಲಯ ಶೇ. 14ರಷ್ಟು ಏರುತ್ತದೆ. ಕೇಳಲು ಸಣ್ಣದು. ಆದರೆ ಕಾರ್ಖಾನೆಯವರು ತಿಂಗಳುಗಟ್ಟಲೆ ಕುಳಿತು ಹೊಂದಿಸಿದ ಅಂತರವನ್ನು ಒಂದು ಮಧ್ಯಾಹ್ನದಲ್ಲಿ ಅಳಿಸಿಹಾಕಲು ಅಷ್ಟು ಸಾಕು.

ಏಳು ಸೀಟಿನ ಗಾಡಿ ಇರುವವರೆಲ್ಲ ಹೇಳುವ ಒಂದು ಮಾತಿಗೂ ಇಲ್ಲೇ ಉತ್ತರವಿದೆ: ಮದುವೆಗೆ ಜನ ತುಂಬಿಕೊಂಡು ಹೋಗುವಾಗ ಗಾಡಿ ಹಾಯಾಗಿ ತೇಲುತ್ತದೆ, ಒಬ್ಬರೇ ಹಿಂದಿರುಗುವಾಗ ಹಿಂಭಾಗ ಕುಪ್ಪಳಿಸುತ್ತದೆ. ಹಿಂದಿನ ಸ್ಪ್ರಿಂಗನ್ನು ಪೂರ್ತಿ ಭಾರಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ಹಿಂದಿನ ಚಕ್ರಗಳ ಮೇಲಿನ ಭಾರ ಒಂದೂವರೆ ಪಟ್ಟಾದಾಗ ಲಯ ಶೇ. 18ರಷ್ಟು ಇಳಿಯುತ್ತದೆ, ಖಾಲಿ ಗಾಡಿಯಲ್ಲಿ ಅದೇ ಸ್ಪ್ರಿಂಗ್ ಅಗತ್ಯಕ್ಕಿಂತ ಬಿಗಿ. ಹಿಂಭಾಗಕ್ಕೆ ಲಾರಿಗಳಂತೆ ಉಕ್ಕಿನ ಪಟ್ಟಿಗಳನ್ನು ಜೋಡಿಸಿದ ಲೀಫ್ ಸ್ಪ್ರಿಂಗ್ ಇರುವ ಬೊಲೆರೊದಂಥ ಗಾಡಿಯಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ, ಏಕೆಂದರೆ ಸಣ್ಣ ಅಲುಗಾಟಕ್ಕೆ ಪಟ್ಟಿಗಳು ಒಂದರ ಮೇಲೊಂದು ಜಾರಲು ಒಪ್ಪದೆ ಹಟ ಹಿಡಿಯುತ್ತವೆ.

ಈಗ ಯೋಚಿಸಿ. ಖಾಲಿ ಓಡುವಾಗ ಮೊದಲೇ ಬಿಗಿಯಾಗಿರುವ ಗಾಡಿಗೆ ಇನ್ನೂ ಬಿಗಿಯಾದ ಸ್ಪ್ರಿಂಗ್ ಹಾಕಿಸಿದರೆ ಸುಖ ಎಲ್ಲಿಂದ ಬಂದೀತು?

ಸೇತುವೆಯ ಕೀಲು, ದೇವಿಮನೆಯ ತಿರುವು

ಹೆದ್ದಾರಿ 66ರಲ್ಲಿ ದಕ್ಷಿಣದಿಂದ ಹೊನ್ನಾವರ ಹೊಕ್ಕು, ಕಾರವಾರ ದಾಟಿ ಗೋವಾ ಕಡೆಗೆ ಹೋಗುವಾಗ ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ಎಂದು ನಾಲ್ಕು ನದಿಗಳನ್ನು ದಾಟುತ್ತೇವೆ. ನಡುವೆ ಹಳ್ಳಗಳ ಸೇತುವೆಗಳು ಬೇರೆ. ಬಿಸಿಲಿಗೆ ಕಾಂಕ್ರೀಟು ಹಿಗ್ಗಲು ಜಾಗವಿರಲೆಂದು ಸೇತುವೆಯ ತುಂಡುಗಳ ನಡುವೆ ಸಂದು ಬಿಟ್ಟಿರುತ್ತಾರೆ. ಚಕ್ರ ಆ ಸಂದು ದಾಟುವಾಗ ಬರುವ ‘ಧಡ್’ ಎಂಬ ಸದ್ದು ಎಲ್ಲರಿಗೂ ಪರಿಚಿತ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ 16.7 ಮೀಟರ್ ಸಾಗುತ್ತದೆ. ಅಂಗೈ ಅಗಲದ ಸಂದಿನ ಮೇಲೆ ಟೈರು ಹಾದುಹೋಗಲು ಸೆಕೆಂಡಿನ ನೂರನೆಯ ಒಂದು ಪಾಲಿನ ಆಸುಪಾಸು ಸಮಯ ಸಾಕು. ಅಷ್ಟರಲ್ಲಿ ಚಕ್ರ ಮೇಲೆದ್ದು ಕೆಳಗಿಳಿಯಬೇಕು. ಶಾಕ್ ಅಬ್ಸಾರ್ಬರ್‌ನ ಪಿಸ್ಟನ್ ಅತಿ ವೇಗವಾಗಿ ಚಲಿಸುವುದು ಇಂಥ ಕಡೆ.

ದೇವಿಮನೆ ಘಟ್ಟದ ತಿರುವಿನ ಕಥೆ ತದ್ವಿರುದ್ಧ. ಅಲ್ಲಿ ರಸ್ತೆ ನಯವಾಗಿದ್ದರೂ ಗಾಡಿಯ ಮೈ ಹೊರಬದಿಗೆ ವಾಲುತ್ತದೆ. ವಾಲುವುದು ನಿಧಾನದ ಕ್ರಿಯೆ. ಪಿಸ್ಟನ್ ಸೆಕೆಂಡಿಗೆ ಕೆಲವೇ ಸೆಂಟಿಮೀಟರ್ ಜರುಗುತ್ತದೆ. ಬ್ರೇಕ್ ಒತ್ತಿದಾಗ ಮೂತಿ ಬಾಗುವುದೂ ಹೀಗೆಯೇ. ಸಸ್ಪೆನ್ಶನ್ ಮಾತಿನಲ್ಲಿ ‘ಲೋ ಸ್ಪೀಡ್’, ‘ಹೈ ಸ್ಪೀಡ್’ ಎಂದು ಕೇಳಿಬರುವುದು ಈ ಪಿಸ್ಟನ್ನಿನ ವೇಗಕ್ಕೆ. ಗಾಡಿಯ ವೇಗಕ್ಕೂ ಅದಕ್ಕೂ ಸಂಬಂಧವಿಲ್ಲ. ಇದನ್ನು ಬಿಡಿಸಿಕೊಳ್ಳದೆ ಎಷ್ಟೋ ಮಂದಿ ತಪ್ಪು ಶಾಕ್ ಕೊಳ್ಳುತ್ತಾರೆ.

ಎಣ್ಣೆಯ ಸ್ವಭಾವವೇ ತೊಂದರೆಯ ಮೂಲ. ಕೆರೆಯ ನೀರಿನಲ್ಲಿ ಕೈಯನ್ನು ಮೆಲ್ಲಗೆ ಆಡಿಸಿದರೆ ನೀರು ದಾರಿ ಬಿಡುತ್ತದೆ. ಅಂಗೈಯಿಂದ ರಪ್ಪನೆ ಬಡಿದರೆ ಹಲಗೆಗೆ ಬಡಿದ ಹಾಗೆ ಉರಿಯುತ್ತದೆ. ಬರೇ ತೂತುಗಳಿರುವ ಶಾಕ್ ಅಬ್ಸಾರ್ಬರ್ ಸಹ ಹಾಗೆಯೇ: ವೇಗ ಹೆಚ್ಚಿದಂತೆ ಪ್ರತಿರೋಧ ಇನ್ನಷ್ಟು ಹೆಚ್ಚುತ್ತದೆ. ನಮಗೆ ಬೇಕಾದದ್ದೋ ಇದರ ಉಲ್ಟಾ. ತಿರುವಿನಲ್ಲಿ ನಿಧಾನವಾಗಿ ವಾಲುವಾಗ ಬಿಗಿಯಾಗಿ ಹಿಡಿಯಬೇಕು, ಸೇತುವೆಯ ಸಂದಿನಲ್ಲಿ ಚಕ್ರ ಹಾರಿದಾಗ ಸಡಿಲ ಬಿಡಬೇಕು. ಇದನ್ನು ಸಾಧಿಸಲು ಪಿಸ್ಟನ್ನಿನ ಕಿಂಡಿಗಳ ಮೇಲೆ ಉಕ್ಕಿನ ತೆಳು ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿರುತ್ತಾರೆ. ಒತ್ತಡ ಕಡಿಮೆಯಿದ್ದಾಗ ಬಿಲ್ಲೆಗಳು ಕಿಂಡಿ ಮುಚ್ಚಿಕೊಂಡೇ ಇರುತ್ತವೆ, ಒಮ್ಮೆಲೇ ಒತ್ತಡ ಬಂದಾಗ ಬಾಗಿ ಎಣ್ಣೆಗೆ ದಾರಿ ಕೊಡುತ್ತವೆ. ಎಷ್ಟು ಬಿಲ್ಲೆ, ಎಷ್ಟು ದಪ್ಪ, ಯಾವ ಒತ್ತಡಕ್ಕೆ ಬಾಗಬೇಕು, ಇದೇ ಒಳ್ಳೆಯ ಶಾಕ್ ಮತ್ತು ಕಳಪೆ ಶಾಕ್ ನಡುವಿನ ವ್ಯತ್ಯಾಸ. ಹೊರಗಿನ ಬಣ್ಣದಲ್ಲಿ ಅದು ಕಾಣುವುದಿಲ್ಲ, ಕೈಯಲ್ಲಿ ಒತ್ತಿ ‘ಗಟ್ಟಿ ಇದೆ’ ಎಂದು ಹೇಳುವುದರಿಂದಲೂ ತಿಳಿಯುವುದಿಲ್ಲ. ಕೈಯಲ್ಲಿ ಒತ್ತುವುದು ನಿಧಾನದ ಚಲನೆ ತಾನೆ!

ಇದನ್ನೇ ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದ ಶಾಕ್‌ಗಳಿವೆ. ನೆದರ್ಲೆಂಡ್ಸ್‌ನ ಕೋನಿ ಕಂಪನಿ ಬಹಳ ಹಿಂದೆಯೇ ತಂದ ಉಪಾಯವಿದು: ಕಂಪನದ ಲಯವನ್ನು ಗುರುತಿಸುವ ಹೆಚ್ಚುವರಿ ವಾಲ್ವ್. ಚಕ್ರ ಬಿರುಸಾಗಿ ಅದುರುವಾಗ ಎಣ್ಣೆಗೆ ಪಕ್ಕದ ದಾರಿ ತೆರೆದಿರುತ್ತದೆ. ಮೈ ನಿಧಾನವಾಗಿ ಏರಿಳಿಯುವಾಗ ಆ ದಾರಿ ಮುಚ್ಚಿಕೊಂಡು ಶಾಕ್ ಬಿಗಿಯಾಗುತ್ತದೆ. ತಂತಿಯಿಲ್ಲ, ಕಂಪ್ಯೂಟರ್ ಇಲ್ಲ. ನಮ್ಮ ದೇಶದ ಗಾಡಿಗಳಲ್ಲಿ ಮಹೀಂದ್ರದ ಎಕ್ಸ್‌ಯುವಿ 700, ಸ್ಕಾರ್ಪಿಯೋ-ಎನ್, ಥಾರ್ ರಾಕ್ಸ್ ಕಾರ್ಖಾನೆಯಿಂದಲೇ ಈ ಬಗೆಯ ಶಾಕ್‌ನೊಂದಿಗೆ ಬಂದಿವೆ. ಅಂಥ ಗಾಡಿಯ ಶಾಕ್ ಕಿತ್ತುಹಾಕಿ ಸಾಮಾನ್ಯವಾದ ಗಟ್ಟಿ ಶಾಕ್ ಹಾಕಿಸುವುದನ್ನು ಅಪ್‌ಗ್ರೇಡ್ ಎಂದು ಕರೆಯಲು ನನಗೆ ನಾಲಗೆ ಬರುವುದಿಲ್ಲ.

ಟ್ವಿನ್ ಟ್ಯೂಬ್ ಒಳ್ಳೆಯದೋ ಮೋನೋಟ್ಯೂಬ್ ಒಳ್ಳೆಯದೋ ಎಂಬ ಚರ್ಚೆಗೂ ಇಲ್ಲೊಂದು ಮಾತು. ಟ್ವಿನ್ ಟ್ಯೂಬ್‌ನಲ್ಲಿ ಕೊಳವೆಯೊಳಗೊಂದು ಕೊಳವೆ. ಹೊರಕೊಳವೆಯಲ್ಲಿ ಎಣ್ಣೆಯ ಮೇಲೆ ಕಡಿಮೆ ಒತ್ತಡದ ಅನಿಲ. ಬಹಳ ಹೊತ್ತು ಕುಲುಕಿದರೆ ಎಣ್ಣೆ ಬಿಸಿಯಾಗಿ ನೊರೆ ಕಟ್ಟಿ ಶಾಕ್ ಸಡಿಲವಾಗುತ್ತದೆ. ಮೋನೋಟ್ಯೂಬ್‌ನಲ್ಲಿ ಒಂದೇ ಕೊಳವೆ. ಹೆಚ್ಚು ಒತ್ತಡದ ನೈಟ್ರೋಜನ್ನನ್ನು ತೇಲುವ ಇನ್ನೊಂದು ಪಿಸ್ಟನ್ ಎಣ್ಣೆಯಿಂದ ಬೇರ್ಪಡಿಸಿರುತ್ತದೆ, ಹಾಗಾಗಿ ನೊರೆಯಿಲ್ಲ, ಬಿಸಿಯೂ ಬೇಗ ಹೊರಗೆ ಹೋಗುತ್ತದೆ. ಇಷ್ಟು ಓದಿ ಮೋನೋಟ್ಯೂಬೇ ಮೇಲು ಎಂದು ತೀರ್ಮಾನಿಸುವವರು ಒಂದನ್ನು ಮರೆಯುತ್ತಾರೆ: ಎಣ್ಣೆ ನೊರೆ ಕಟ್ಟುವಷ್ಟು ಬಿಸಿಯಾಗುವುದು ತಾಸುಗಟ್ಟಲೆ ಮಣ್ಣುರಸ್ತೆಯಲ್ಲಿ ಕುಲುಕಿದಾಗ. ಅಂಕೋಲಾದಿಂದ ಭಟ್ಕಳದವರೆಗಿನ ಹೆದ್ದಾರಿಯಲ್ಲಿ ಆ ಪ್ರಮೇಯ ಬರುವುದು ಅಪರೂಪ. ಮೇಲಾಗಿ ಹೆಚ್ಚು ಒತ್ತಡದ ಅನಿಲ ಪಿಸ್ಟನ್ನಿನ ರಾಡನ್ನು ಸದಾ ಹೊರಕ್ಕೆ ತಳ್ಳುತ್ತಿರುತ್ತದೆ, ಸೀಲಿನ ಘರ್ಷಣೆಯೂ ಹೆಚ್ಚು. ಸಣ್ಣ ಸಣ್ಣ ಒರಟುತನ ಸೀಟಿಗೆ ತಲುಪುತ್ತದೆ. ಜರ್ಮನಿಯ ಬಿಲ್‌ಸ್ಟೀನ್‌ನವರೇ ಮೂಲ ಶಾಕ್‌ಗೆ ಬದಲಿಯಾಗಿ ಬಿ4, ಹೆಚ್ಚು ಬಿಗಿ ಬೇಕೆನ್ನುವವರಿಗೆ ಬಿ6 ಎಂದು ಎರಡು ಬಗೆ ಮಾರುತ್ತಾರೆ. ಸವಾರಿಯ ಸುಖವೇ ಮುಖ್ಯವಾದರೆ ಬೇಕಾದದ್ದು ಮೊದಲನೆಯ ಬಗೆ; ಹೆಚ್ಚಿನವರು ಕೇಳಿಕೊಂಡು ಬರುವುದು ಎರಡನೆಯದನ್ನು.

ಮೊದಲು ಟೈರು

ಸಸ್ಪೆನ್ಶನ್ನಿನ ಮೊದಲ ಸ್ಪ್ರಿಂಗ್ ಟೈರು. ಅದನ್ನು ಬಿಟ್ಟು ಉಳಿದದ್ದಕ್ಕೆ ಹಣ ಸುರಿಯುವುದು ಬುಡ ಬಿಟ್ಟು ತುದಿಗೆ ನೀರು ಹಾಕುವ ಕೆಲಸ. ಚಾಲಕನ ಬಾಗಿಲ ಚೌಕಟ್ಟಿನ ಮೇಲೆ ಗಾಳಿಯ ಒತ್ತಡ ಎಷ್ಟಿರಬೇಕೆಂಬ ಚೀಟಿ ಅಂಟಿಸಿರುತ್ತಾರೆ; ಟೈರು ತಣ್ಣಗಿರುವಾಗಿನ ಲೆಕ್ಕ ಅದು. ಮೈಲೇಜಿಗೆಂದು ಐದಾರು ಪಿಎಸ್ಐ ಹೆಚ್ಚು ತುಂಬಿಸುವ ರೂಢಿ ನಮ್ಮಲ್ಲಿದೆ. ಹಾಗೆ ಮಾಡಿ ಆಮೇಲೆ ಸಸ್ಪೆನ್ಶನ್ ಗಡುಸು ಎಂದು ದೂರುವವರಿಗೆ ಗಾಳಿ ಇಳಿಸಿಕೊಳ್ಳುವುದೇ ಅತ್ಯಂತ ಅಗ್ಗದ ಅಪ್‌ಗ್ರೇಡ್.

ಆಮೇಲೆ ಟೈರಿನ ಗೋಡೆಯ ಎತ್ತರ. 235/65 ಆರ್17 ಎಂಬ ಅಳತೆಯಲ್ಲಿ ಗೋಡೆ ಸುಮಾರು 153 ಮಿಲಿಮೀಟರ್. 235/60 ಆರ್18ರಲ್ಲಿ 141. ಒಂದೇ ಗಾಡಿಯ ಕೆಳಗಿನ ಮಾದರಿ ಮೇಲಿನ ಮಾದರಿಗಿಂತ ಮೆತ್ತಗೆ ಓಡುವುದಕ್ಕೆ ಎಷ್ಟೋ ಸಲ ಈ 12 ಮಿಲಿಮೀಟರ್ ರಬ್ಬರೇ ಕಾರಣ. ಚಕ್ರ ದೊಡ್ಡದಾದಷ್ಟೂ ತೂಕವೂ ಏರುತ್ತದೆ, ಆ ತೂಕ ಸ್ಪ್ರಿಂಗಿನ ಕೆಳಗಿರುವ ತೂಕ. ಅದನ್ನು ಹತೋಟಿಯಲ್ಲಿಡಲು ಶಾಕ್ ಹೆಚ್ಚು ದುಡಿಯಬೇಕು. ಇಪ್ಪತ್ತು ಅಂಗುಲದ ಅಲಾಯ್ ಹಾಕಿಸಿ, ಅದರಿಂದಾದ ಗಡುಸನ್ನು ದುಬಾರಿ ಶಾಕ್‌ನಿಂದ ಸರಿಪಡಿಸಲು ಹೊರಟವರನ್ನು ಕಂಡರೆ ನನಗೆ ಕನಿಕರ.

ಗುಡ್ಡಗಾಡಿಗೆಂದು ಮಾಡಿದ ಆಲ್ ಟೆರೇನ್ ಟೈರುಗಳ ಗೋಡೆ ಸಾಮಾನ್ಯವಾಗಿ ದಪ್ಪ, ಸದ್ದೂ ಹೆಚ್ಚು. ಹೆದ್ದಾರಿಗೆಂದು ಮಾಡಿದ ಎಚ್‌ಟಿ ಟೈರು ನಮ್ಮ ಮಳೆಗಾಲದ ಒದ್ದೆ ಡಾಂಬರಿಗೂ ಒಳ್ಳೆಯದು. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ 2019ರ 23ನೆಯ ವಾರ ತಯಾರಾದದ್ದು. ಹೂವು (ಟ್ರೆಡ್) ಉಳಿದಿದೆ ಎಂದು ಓಡಿಸುತ್ತಿರುವ ಹಳೆಯ ಟೈರಿನ ರಬ್ಬರ್ ಗಟ್ಟಿಯಾಗಿರುತ್ತದೆ; ಅದರ ಒರಟುತನವನ್ನು ಯಾವ ಶಾಕ್ ಕೂಡ ಮುಚ್ಚಲಾರದು.

ಬುಷ್ಷಿನ ಸಂಗತಿ

ಕುಮಟಾದ ಒಂದು ಗ್ಯಾರೇಜಿನಲ್ಲಿ ಕೇಳಿದ ಮಾತು. ನಿವೃತ್ತ ಮಾಸ್ತರೊಬ್ಬರು ತಮ್ಮ ಏಳು ವರ್ಷದ ಗಾಡಿಗೆ ನಾಲ್ಕೂ ಶಾಕ್ ಬದಲಾಯಿಸಿ ಎಂದು ಬಂದಿದ್ದರು. ಮೆಕ್ಯಾನಿಕ್ ಗಾಡಿಯನ್ನು ಲಿಫ್ಟ್ ಮೇಲೇರಿಸಿ ಟಾರ್ಚ್ ಹಿಡಿದ.

“ಶಾಕ್ ಹೋಗಿಲ್ಲ ಮಾಸ್ತರೇ. ಎಣ್ಣೆ ಸೋರಿದ ಗುರುತೂ ಇಲ್ಲ.”

“ಮತ್ತೆ ಉಬ್ಬು ಹತ್ತಿದಾಗಲೆಲ್ಲ ಕಟಕಟ ಅನ್ನುತ್ತದಲ್ಲೋ ತಮ್ಮಾ?”

ಅವನು ಕಬ್ಬಿಣದ ಮೀಟುಗೋಲನ್ನು ಚಕ್ರವನ್ನು ಹಿಡಿದಿಡುವ ಲೋವರ್ ಆರ್ಮ್ ಮತ್ತು ಚಾಸಿಯ ನಡುವೆ ತೂರಿಸಿ ಮೆಲ್ಲಗೆ ಎತ್ತಿದ. ಎರಡು ಲೋಹದ ಕೊಳವೆಗಳ ನಡುವೆ ಇರಬೇಕಾದ ರಬ್ಬರ್ ಒಂದು ಬದಿಯಲ್ಲಿ ಪೂರ್ತಿ ಬಾಯಿ ಬಿಟ್ಟಿತ್ತು. ಕೋಲು ಎತ್ತಿದಾಗ ಆರ್ಮ್ ಬೆರಳಿನಷ್ಟು ಜರುಗಿ ಮತ್ತೆ ಕೂತಿತು. ವಾಲಾಟ ತಡೆಯುವ ಸ್ಟೆಬಿಲೈಸರ್ ಬಾರ್‌ಗೆ ಸೇರುವ ಲಿಂಕ್ ರಾಡನ್ನು ಕೈಯಲ್ಲಿ ಹಿಡಿದು ಅಲುಗಿಸಿದಾಗ ಅದೇ ಕಟಕಟ ಸದ್ದು. ಮಾಸ್ತರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ನೋಡಿದರು. ನಾಲ್ಕು ಶಾಕ್‌ನ ಖರ್ಚು ಎರಡು ಬುಷ್, ಎರಡು ಲಿಂಕ್ ರಾಡ್‌ಗೆ ಇಳಿಯಿತು.

ಸವಾರಿಯ ನಯದಲ್ಲಿ ರಬ್ಬರಿನ ಪಾಲು ಜನ ತಿಳಿದದ್ದಕ್ಕಿಂತ ದೊಡ್ಡದು. ಲೋವರ್ ಆರ್ಮ್ ಬುಷ್, ಸ್ಟ್ರಟ್ ಮೌಂಟ್ (ಸ್ಪ್ರಿಂಗ್, ಶಾಕ್ ಒಟ್ಟಾಗಿರುವ ಸ್ಟ್ರಟ್‌ನ ಮೇಲ್ತುದಿಯ ರಬ್ಬರ್), ಸ್ಟೆಬಿಲೈಸರ್ ಬಾರ್‌ನ ಬುಷ್, ಶಾಕ್‌ನ ಕೊನೆಯ ಪಯಣವನ್ನು ತಡೆಯುವ ಬಂಪ್ ಸ್ಟಾಪ್, ಇವೆಲ್ಲ ಬಿರುಸಾದ ಕಂಪನವನ್ನು ಲೋಹದಿಂದ ಲೋಹಕ್ಕೆ ದಾಟದಂತೆ ತಡೆಯುತ್ತವೆ. ರಬ್ಬರಿನ ಬದಲು ಪಾಲಿಯುರೆಥೇನ್ ಬುಷ್ ಹಾಕಿಸಿ ಎಂಬ ಸಲಹೆ ಸಿಗುತ್ತದೆ. ಅದು ಬಾಳಿಕೆ ಬರುತ್ತದೆ, ಸ್ಟೀರಿಂಗ್ ಚುರುಕಾಗುತ್ತದೆ; ಜೊತೆಗೆ ರಸ್ತೆಯ ಪ್ರತಿಯೊಂದು ಜಲ್ಲಿಕಲ್ಲಿನ ಸುದ್ದಿಯನ್ನೂ ಸೀಟಿಗೆ ತಂದು ಮುಟ್ಟಿಸುತ್ತದೆ. ಸುಖದ ಸವಾರಿಗೆ ಕಂಪನಿಯ ರಬ್ಬರೇ ಸರಿ.

ಶಾಕ್ ನಿಜಕ್ಕೂ ಹೋಗಿದೆಯೇ ಎಂದು ತಿಳಿಯಲು ಬಾನೆಟ್ ಅದುಮಿ ಬಿಡುವ ಹಳೆಯ ಪರೀಕ್ಷೆ ಅರ್ಧ ಸತ್ಯ. ಪೂರ್ತಿ ಸತ್ತ ಶಾಕ್ ಮಾತ್ರ ಅದರಲ್ಲಿ ಸಿಕ್ಕಿಬೀಳುತ್ತದೆ. ಕೊಳವೆಯ ಮೇಲೆ ಎಣ್ಣೆ ಹರಿದ ಜಿಡ್ಡು, ಟೈರಿನ ಹೂವಿನ ಮೇಲೆ ಕೈಯಾಡಿಸಿದಾಗ ಅಲೆ ಅಲೆಯಾಗಿ ಸಿಗುವ ಸವೆತ, ಹೆದ್ದಾರಿಯ ಉದ್ದನೆಯ ತಗ್ಗು ದಾಟಿದ ಮೇಲೆ ಗಾಡಿ ಒಂದೇ ಸಲಕ್ಕೆ ನೆಲೆಗೊಳ್ಳದೆ ಎರಡು ಮೂರು ಸಲ ತೂಗುವುದು, ಇವು ನಂಬಬಹುದಾದ ಲಕ್ಷಣಗಳು.

ಕರಾವಳಿಯವರಿಗೆ ಇನ್ನೊಂದು ತಾಪತ್ರಯವಿದೆ, ಶಿರಸಿಯವರಿಗೆ ಅಷ್ಟಾಗಿ ಇಲ್ಲ. ಉಪ್ಪುಗಾಳಿ ಸಾಲದೆಂಬಂತೆ ಮೀನಿನ ಲಾರಿಗಳಿಂದ ಸೋರುವ ಉಪ್ಪುನೀರು ಹೆದ್ದಾರಿಯುದ್ದಕ್ಕೂ ಹರಡಿ ನಮ್ಮ ಗಾಡಿಯ ತಳಕ್ಕೆ ಎರಚುತ್ತದೆ. ಶಾಕ್‌ನ ರಾಡಿಗೆ ಕ್ರೋಮ್ ಲೇಪವಿರುತ್ತದೆ. ಅದರಲ್ಲಿ ಸಾಸಿವೆ ಗಾತ್ರದ ತುಕ್ಕಿನ ಗುಳಿ ಬಿದ್ದರೂ ಸಾಕು, ರಾಡು ಒಳಗೆ ಹೊರಗೆ ಹೋದಂತೆಲ್ಲ ಸೀಲನ್ನು ಕೆರೆದು ಎಣ್ಣೆ ಸೋರಿಸುತ್ತದೆ. ಸ್ಪ್ರಿಂಗ್ ಕೂರುವ ತಟ್ಟೆಯಲ್ಲಿ ಕೆಸರು ಮತ್ತು ಉಪ್ಪು ಸೇರಿ ಕೆಳಗಿನ ಸುರುಳಿಯನ್ನು ತಿನ್ನುತ್ತವೆ. ಹೊಸ ಶಾಕ್ ಕೊಳ್ಳುವಾಗ ರಾಡಿಗೆ ಧೂಳುಗವಸು ಇದೆಯೇ ಎಂದು ನೋಡುವುದು ಕಾರವಾರದಲ್ಲಿ ಬ್ರಾಂಡ್ ನೋಡುವಷ್ಟೇ ಮುಖ್ಯ.

ಸ್ಪ್ರಿಂಗ್ ಬದಲಾಯಿಸಲೇಬೇಕು ಎನ್ನುವವರಿಗೆ

ಬದಲಾಯಿಸಬೇಕಾದ ಸಂದರ್ಭಗಳೂ ಇವೆ. ಹಳೆಯ ಸ್ಪ್ರಿಂಗ್ ಕುಸಿದು ಗಾಡಿ ಒಂದು ಬದಿಗೆ ತಗ್ಗಿದ್ದರೆ ಅದೇ ಅಳತೆಯ ಹೊಸದನ್ನು ಜೋಡಿಯಾಗಿ ಹಾಕಿಸಬೇಕು. ಮೇಲಿನ ಕ್ಯಾರಿಯರ್, ಉಕ್ಕಿನ ಬಂಪರ್ ಎಂದು ಕಾಯಂ ಭಾರ ಹೇರಿಕೊಂಡವರಿಗೆ ಗಟ್ಟಿ ಸ್ಪ್ರಿಂಗ್ ನ್ಯಾಯವೇ. ಆಸ್ಟ್ರೇಲಿಯಾದ ಓಲ್ಡ್ ಮ್ಯಾನ್ ಈಮುವಿನಂಥ ತಯಾರಕರು ಗಾಡಿಯ ಮೇಲೆ ಸದಾ ಎಷ್ಟು ಭಾರ ಇರುತ್ತದೆ ಎಂಬುದರ ಮೇಲೆ ಬೇರೆ ಬೇರೆ ಸ್ಪ್ರಿಂಗ್ ಕೊಡುತ್ತಾರೆ. ಅಂಗಡಿಯವರು ಆ ಪಟ್ಟಿಯನ್ನು ತೆರೆಯದೆ ‘ಈ ಗಾಡಿಗೆ ಇದೇ’ ಎಂದರೆ ಎದ್ದು ಬನ್ನಿ.

ಸ್ಪ್ರಿಂಗ್ ಗಟ್ಟಿಯಾದರೆ ಅದರ ಕುಣಿತ ನಿಲ್ಲಿಸಲು ಶಾಕ್ ಕೂಡ ಗಟ್ಟಿಯಾಗಬೇಕು. ಒಂದನ್ನು ಮುಟ್ಟಿದರೆ ಇನ್ನೊಂದನ್ನು ಬಿಡುವಂತಿಲ್ಲ. ಮುಂದೆ ಹಿಂದಿನ ಹೊಂದಾಣಿಕೆಯೂ ಇದೆ. 2.7 ಮೀಟರ್ ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ) ಇರುವ ಗಾಡಿ 60ರ ವೇಗದಲ್ಲಿ ಸಂದು ದಾಟಿದಾಗ ಮುಂದಿನ ಚಕ್ರದ ನಂತರ ಹಿಂದಿನ ಚಕ್ರಕ್ಕೆ ಹೊಡೆತ ತಗಲುವುದು ಸೆಕೆಂಡಿನ ಆರನೆಯ ಒಂದು ಪಾಲಿನಷ್ಟು ತಡವಾಗಿ. ಹಿಂಭಾಗದ ಲಯ ಮುಂಭಾಗದ ಲಯಕ್ಕಿಂತ ತುಸು ವೇಗವಾಗಿದ್ದರೆ ತಡವಾಗಿ ಹೊರಟ ಹಿಂಭಾಗ ಮುಂಭಾಗವನ್ನು ಹಿಡಿದುಕೊಂಡು ಗಾಡಿ ಸಮತಟ್ಟಾಗಿ ಏರಿಳಿಯುತ್ತದೆ. ಇಲ್ಲದಿದ್ದರೆ ಮೂತಿ ಎದ್ದಾಗ ಬಾಲ ಬಿದ್ದು, ಬಾಲ ಎದ್ದಾಗ ಮೂತಿ ಬಿದ್ದು ಹೊಟ್ಟೆ ತೊಳಸುತ್ತದೆ. 1930ರ ದಶಕದಲ್ಲಿ ಕ್ಯಾಡಿಲಾಕ್‌ನಲ್ಲಿದ್ದ ಎಂಜಿನಿಯರ್ ಮಾರಿಸ್ ಓಲೆ ಪ್ರಯೋಗ ಮಾಡಿ ಕಂಡುಕೊಂಡ ಸೂತ್ರವಿದು, ಇಂದಿಗೂ ನಡೆಯುತ್ತಿದೆ. ಮುಂಭಾಗ ತಗ್ಗಿದೆಯೆಂದು ಮುಂದೆ ಮಾತ್ರ ಗಟ್ಟಿ ಸ್ಪ್ರಿಂಗ್ ಹಾಕಿಸುವವರು ಈ ಹೊಂದಾಣಿಕೆಯನ್ನೇ ತಲೆಕೆಳಗು ಮಾಡುತ್ತಾರೆ.

ಇನ್ನು ಸುರುಳಿಗಳ ನಡುವೆ ತೂರಿಸುವ ರಬ್ಬರ್ ಬಫರ್. ಬಿಡಿಭಾಗದ ಅಂಗಡಿಗಳಲ್ಲಿ ಹೆಚ್ಚು ಹೊಗಳಿಕೆ ಪಡೆಯುವ ಸಾಮಾನು ಇದು. ಒಂದು ಸುರುಳಿಯ ಚಲನೆಯನ್ನು ಕಟ್ಟಿಹಾಕಿದರೆ ಉಳಿದ ಸುರುಳಿಗಳು ಅದರ ಪಾಲನ್ನೂ ಹೊರಬೇಕು. ಸ್ಪ್ರಿಂಗ್ ಗಟ್ಟಿಯಾಗುತ್ತದೆ, ಗಾಡಿ ತುಸು ಎತ್ತರವಾಗುತ್ತದೆ, ಉಬ್ಬಿಗೆ ತಳ ತಾಗುವುದು ನಿಲ್ಲುತ್ತದೆ. ಸುಖ ಹೆಚ್ಚಾಯಿತೆಂದು ಅನ್ನಿಸುವುದು ಆ ಸದ್ದು ನಿಂತದ್ದರಿಂದ. ನನ್ನನ್ನು ಕೇಳಿದರೆ ಬೇಡ.

ಅಂದಹಾಗೆ, ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಗಂಟೆಗೆ 25 ಕಿಲೋಮೀಟರ್ ವೇಗಕ್ಕೆ ಮಾಡುವ ರಸ್ತೆ ಉಬ್ಬು ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಉದ್ದ, 10 ಸೆಂಟಿಮೀಟರ್ ಎತ್ತರ ಇರಬೇಕು. ಊರೊಳಗೆ ರಾತ್ರೋರಾತ್ರಿ ಹುಟ್ಟಿಕೊಳ್ಳುವ ಉಬ್ಬುಗಳಿಗೆ ಈ ಅಳತೆ ಗೊತ್ತಿದ್ದಂತಿಲ್ಲ. ಅವುಗಳಿಗೆ ಸಸ್ಪೆನ್ಶನ್ ಹೊಂದಿಸಲು ಹೋಗಬೇಡಿ, ಬ್ರೇಕ್ ಒತ್ತಿ.

ಎತ್ತರಿಸುವ ಕಿಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗುರುತ್ವಕೇಂದ್ರ ಮೇಲೇರಿದರೆ ಘಟ್ಟದ ತಿರುವಿನಲ್ಲಿ ವಾಲಾಟ ಹೆಚ್ಚುತ್ತದೆ; ಆಕ್ಸಲ್‌ಗಳ ಕೋನ ಕೆಟ್ಟು ಅವುಗಳ ಕೀಲು ಮುಚ್ಚುವ ರಬ್ಬರ್ ಬೂಟುಗಳು ಬೇಗ ಹರಿಯುತ್ತವೆ; ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ; ಗಾಜಿನ ಹಿಂದೆ ಕ್ಯಾಮೆರಾ ಇರುವ ಹೊಸ ಗಾಡಿಗಳಲ್ಲಿ ಅದನ್ನು ಮತ್ತೆ ಹೊಂದಿಸಬೇಕಾಗುತ್ತದೆ. ಕಾನೂನಿನ ತೊಡಕು ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಸವೆದ ಶಾಕ್ ಬದಲು ಅದೇ ಅಳತೆಯ ಒಳ್ಳೆಯ ಶಾಕ್ ಹಾಕಿಸುವುದು ದುರಸ್ತಿ. ಗಾಡಿಯ ರೂಪವನ್ನೇ ಬದಲಿಸುವುದು ಬೇರೆ ಮಾತು; ಅಪಘಾತವಾದಾಗ ವಿಮೆಯವರು ಮೊದಲು ಕಣ್ಣು ಹಾಯಿಸುವುದೂ ಅಲ್ಲಿಗೆ.

ಇನ್ನೊಂದು ಮಿತಿಯನ್ನೂ ಒಪ್ಪಿಕೊಳ್ಳಬೇಕು. ಲ್ಯಾಡರ್ ಫ್ರೇಮ್ ಎಂಬ ಏಣಿಯಂಥ ಉಕ್ಕಿನ ಚೌಕಟ್ಟಿನ ಮೇಲೆ ಮೈ ಕೂರಿಸಿ, ಹಿಂದೆ ಇಡೀ ಆಕ್ಸಲ್ ಇರುವ ಫಾರ್ಚುನರ್, ಥಾರ್‌ನಂಥ ಗಾಡಿಗಳಲ್ಲಿ ಒಂದು ಚಕ್ರಕ್ಕೆ ತಗಲಿದ ಹೊಡೆತ ಇನ್ನೊಂದಕ್ಕೂ ದಾಟುತ್ತದೆ. ಆ ಸಣ್ಣ ಅಡ್ಡ ಅಲುಗಾಟ ಯಾವ ಕಿಟ್‌ನಿಂದಲೂ ಪೂರ್ತಿ ಹೋಗುವುದಿಲ್ಲ. ಫಾರ್ಚುನರ್ ಕ್ರೆಟಾದಂತೆ ಓಡಲಿ ಎಂದು ಹಟ ಹಿಡಿದವರು ಕ್ರೆಟಾ ಕೊಂಡರೆ ಹಣ ಉಳಿಯುತ್ತದೆ.

ಜೋಡಿಸುವಾಗ

ಒಳ್ಳೆಯ ಸಾಮಾನನ್ನು ಕೆಟ್ಟದಾಗಿ ಜೋಡಿಸಿ ಹಾಳು ಮಾಡುವುದು ಸುಲಭ. ಅತ್ಯಂತ ಸಾಮಾನ್ಯವಾದ ತಪ್ಪು ಬುಷ್ಷಿನದು. ರಬ್ಬರ್ ಬುಷ್ ಒಳಗಿನ ಕೊಳವೆಗೂ ಹೊರಗಿನ ಕೊಳವೆಗೂ ಅಂಟಿಕೊಂಡಿರುತ್ತದೆ. ಆರ್ಮ್ ಮೇಲೆ ಕೆಳಗೆ ಹೋದಾಗ ರಬ್ಬರ್ ತಿರುಚಿಕೊಳ್ಳುತ್ತದೆಯೇ ಹೊರತು ಜಾರುವುದಿಲ್ಲ. ಗಾಡಿ ಲಿಫ್ಟ್ ಮೇಲೆ ಚಕ್ರ ಇಳಿಬಿಟ್ಟು ನಿಂತಿರುವಾಗಲೇ ಬೋಲ್ಟನ್ನು ಬಿಗಿದರೆ, ಕೆಳಗಿಳಿಸಿದ ಕ್ಷಣದಿಂದ ಬುಷ್ ಸದಾ ತಿರುಚಿಕೊಂಡೇ ಬದುಕುತ್ತದೆ. ಗಾಡಿ ಗಡುಸಾಗುತ್ತದೆ, ರಬ್ಬರ್ ಬೇಗ ಹರಿಯುತ್ತದೆ. ಬೋಲ್ಟುಗಳನ್ನು ಸಡಿಲವಾಗಿ ಕೂರಿಸಿ, ಗಾಡಿಯ ಪೂರ್ತಿ ಭಾರ ಚಕ್ರದ ಮೇಲೆ ಬಿದ್ದ ನಂತರ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ನಿಮ್ಮ ಮೆಕ್ಯಾನಿಕ್ ಇದನ್ನು ಕೇಳದೆಯೇ ಮಾಡಿದರೆ ಅವರನ್ನು ಬಿಡಬೇಡಿ.

ಶಾಕ್‌ಗಳನ್ನು ಜೋಡಿಯಾಗಿ ಬದಲಾಯಿಸಿ; ಎಡಕ್ಕೆ ಹೊಸದು, ಬಲಕ್ಕೆ ಹಳೆಯದು ನಡೆಯುವುದಿಲ್ಲ. ಮುಂದಿನ ಸ್ಟ್ರಟ್ ಬಿಚ್ಚಿದಾಗಲೇ ಮೌಂಟ್, ಬೇರಿಂಗ್, ಬಂಪ್ ಸ್ಟಾಪ್ ಹೊಸದು ಹಾಕಿಸುವುದು ಜಾಣತನ, ಇಲ್ಲದಿದ್ದರೆ ಅದೇ ಕೂಲಿಯನ್ನು ಮತ್ತೊಮ್ಮೆ ಕೊಡಬೇಕಾಗುತ್ತದೆ. ಅದುಮಿಟ್ಟ ಸ್ಪ್ರಿಂಗ್ ಅಪಾಯಕಾರಿ. ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಹಗ್ಗ, ತಂತಿಯಲ್ಲಿ ನಿಭಾಯಿಸುವ ಗ್ಯಾರೇಜಿನಿಂದ ಗಾಡಿ ಹೊರಗೆ ತೆಗೆಯಿರಿ. ಕೊನೆಗೆ ವೀಲ್ ಅಲೈನ್‌ಮೆಂಟ್. ಹೊಸ ಶಾಕ್ ಒಂದಷ್ಟು ದೂರ ಓಡಿ ನೆಲೆಗೊಂಡ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸಿ.

ಫಲಿತಾಂಶ ನೋಡಲು ಖಾಲಿ ಗಾಡಿಯಲ್ಲಿ ಒಬ್ಬರೇ ಹೋಗಬೇಡಿ, ಸ್ಟೀರಿಂಗ್ ಹಿಡಿದವನಿಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಮನೆಯವರನ್ನು ಹಿಂದೆ ಕೂರಿಸಿಕೊಂಡು ಗಂಗಾವಳಿ ಸೇತುವೆಯನ್ನು 60ರಲ್ಲಿ ದಾಟಿ, ದೇವಿಮನೆಯನ್ನು ಹತ್ತಿ, ಶಿರಸಿ ಪೇಟೆಯ ಉಬ್ಬುಗಳನ್ನು ನಿಧಾನವಾಗಿ ಹಾಯಿರಿ. ಸೇತುವೆಯಲ್ಲಿ ಸದ್ದು ಮೊಂಡಾಗಿದ್ದು, ಘಟ್ಟದಲ್ಲಿ ಯಾರೂ ಕಿಟಕಿ ಇಳಿಸಲು ಕೇಳದಿದ್ದರೆ ಕೆಲಸ ಸರಿಯಾಗಿದೆ. ಕರಾವಳಿಗೆ ಹಿಂದಿರುಗಿದ ಮೇಲೆ ಗಾಡಿಯ ತಳಕ್ಕೆ, ಅದರಲ್ಲೂ ಸ್ಪ್ರಿಂಗಿನ ತಟ್ಟೆಗಳಿಗೆ, ಆಗಾಗ ಬಾವಿಯ ಸಿಹಿನೀರು ಹೊಡೆಯುತ್ತಿರಿ. ಪ್ರೆಷರ್ ಗನ್ನಿನ ಬಾಯನ್ನು ಮಾತ್ರ ಶಾಕ್‌ನ ಸೀಲಿಗೆ ನೇರ ಹಿಡಿಯಬೇಡಿ.